ಸೂಪರ್ ಬ್ಲ್ಯಾಕ್‌ಹಾಕ್ ರಿವಾಲ್ವರ್‌ಗೆ ಬಿಸ್ಲೀ ಗ್ರಿಪ್ ಫ್ರೇಮ್ ನಾವೇ ಕೂರಿಸಬಹುದೇ? ಏನೇನು ಬೇಕು, ಎಲ್ಲಿ ಕೈಕೊಡುತ್ತದೆ?

ನಿಮ್ಮದು .44 ಮ್ಯಾಗ್ನಮ್‌ನ ರೂಗರ್ ನ್ಯೂ ಮಾಡೆಲ್ ಸೂಪರ್ ಬ್ಲ್ಯಾಕ್‌ಹಾಕ್. ಬೇಟೆಯ ತೋಟಾ ಹಾರಿಸಿದಾಗೆಲ್ಲ ಟ್ರಿಗರ್ ಗಾರ್ಡಿನ ಚೌಕಾಕಾರದ ಹಿಂಬದಿ ಮಧ್ಯದ ಬೆರಳಿನ ಗೆಣ್ಣಿಗೆ ಬಡಿಯುತ್ತದೆ, ಹಾಗಾಗಿ ಬಿಸ್ಲೀ ಫ್ರೇಮ್ (ಬೆನ್ನು ಎತ್ತರವಾಗಿ, ನೇರವಾಗಿರುವ ಇನ್ನೊಂದು ಬಗೆಯ ಹಿಡಿಯ ಲೋಹದ ಚೌಕಟ್ಟು) ಹಾಕಬೇಕು ಅಂತಿದ್ದೀರಿ. ಹಾಕಬಹುದು. ಆದರೆ ಐದು ಸ್ಕ್ರೂ ಬಿಚ್ಚಿ ಐದು ಸ್ಕ್ರೂ ಬಿಗಿದರೆ ಮುಗಿಯುವ ಕೆಲಸ ಇದಲ್ಲ. ಹ್ಯಾಮರ್ (ಹೆಬ್ಬೆರಳಿನಿಂದ ಹಿಂದಕ್ಕೆ ಎಳೆಯುವ, ಟ್ರಿಗರ್ ಒತ್ತಿದಾಗ ಬಂದು ಹೊಡೆಯುವ ಭಾಗ) ಬದಲಾಗುತ್ತದೆ, ಅದರ ಜೊತೆಗೆ ಟೈಮಿಂಗನ್ನೂ (ಹ್ಯಾಮರ್ ಎಳೆದಂತೆ ತೋಟಾ ತುಂಬುವ ಸಿಲಿಂಡರ್ ಸರಿಯಾದ ಹೊತ್ತಿಗೆ ತಿರುಗಿ ಲಾಕ್ ಆಗುವುದು) ಹೊಸದಾಗಿ ಪರೀಕ್ಷಿಸಬೇಕಾಗುತ್ತದೆ.

ಮೊದಲು ಕಡಿಮೆ ಖರ್ಚಿನ ದಾರಿ ನೋಡಿ. ಗೆಣ್ಣಿಗೆ ಪೆಟ್ಟು ಬೀಳುವುದು ಗಾರ್ಡಿನ ಹಿಂದೆ, ಹಿಡಿಯ ಮುಂಭಾಗದಲ್ಲಿ ಖಾಲಿ ಜಾಗ ಇರುವುದರಿಂದ. ಆ ಜಾಗವನ್ನು ತುಂಬುವಂಥ ರಬ್ಬರ್ ಅಥವಾ ಮರದ ಗ್ರಿಪ್ ಹಾಕಿದರೆ ಬೆರಳು ಸ್ವಲ್ಪ ಕೆಳಗೆ ಕೂರುತ್ತದೆ, ಎಷ್ಟೋ ಜನರಿಗೆ ಅಷ್ಟೇ ಸಾಕಾಗುತ್ತದೆ. ಎರಡನೆಯ ದಾರಿ, ದುಂಡು ಗಾರ್ಡಿನ ಉಕ್ಕಿನ ಬ್ಲ್ಯಾಕ್‌ಹಾಕ್ ಫ್ರೇಮ್. ಇದಕ್ಕೆ ಈಗಿರುವ ಹ್ಯಾಮರ್, ಟ್ರಿಗರ್ ಎರಡೂ ನಡೆಯುತ್ತವೆ, ಗ್ರಿಪ್ ಪ್ಯಾನೆಲ್ ಮಾತ್ರ ಬೇರೆ ಬೇಕು. ಆದರೆ ಈ ಹಳೆಯ ಶೈಲಿಯ ಬಾಗಿದ ಹಿಡಿ ಒದೆತಕ್ಕೆ ಅಂಗೈಯೊಳಗೆ ಮೇಲಕ್ಕೆ ಉರುಳುತ್ತದೆ. 240 ಗ್ರೇನ್ (ಗುಂಡಿನ ತೂಕದ ಅಳತೆ) ಗುಂಡಿಗೆ ಅದು ತೊಂದರೆ ಅನ್ನಿಸದೇ ಇರಬಹುದು. 300 ಗ್ರೇನ್ ಗುಂಡಿನ ಬಿರುಸು ಲೋಡಿಗೆ (ಜೋರಾಗಿ ಒದೆಯುವ ತೋಟಾಕ್ಕೆ) ಬಿಸ್ಲೀಯೇ ಮೇಲು ಎಂಬುದು ನನ್ನ ಅಭಿಪ್ರಾಯ. ಅದರ ಬೆನ್ನು ಎತ್ತರ, ನೇರ. ಹಾಗಾಗಿ ಕೋವಿ ಉರುಳದೆ ಅಂಗೈಗೆ ನೇರವಾಗಿ ಒತ್ತುತ್ತದೆ. ರೂಗರ್ ತನ್ನ ಐದು ಗುಂಡಿನ .454 ಕಸುಲ್ ಮತ್ತು .480 ಸೂಪರ್ ಬ್ಲ್ಯಾಕ್‌ಹಾಕ್‌ಗಳಿಗೆ ಬಿಸ್ಲೀ ಹಿಡಿಯನ್ನೇ ಕೊಟ್ಟಿದ್ದು ಸುಮ್ಮನೆ ಅಲ್ಲ. ಒಂದು ಎಚ್ಚರಿಕೆ: ಕೈ ತುಂಬಾ ದೊಡ್ಡದಿದ್ದರೆ ಬಿಸ್ಲೀಯಲ್ಲೂ ಗಾರ್ಡ್ ಗೆಣ್ಣಿಗೆ ತಾಗಬಹುದು. ಬಿಡಿಭಾಗ ಕೊಳ್ಳುವ ಮುಂಚೆ ಯಾರದ್ದಾದರೂ ಬಿಸ್ಲೀಯನ್ನು ಕೈಯಲ್ಲಿ ಹಿಡಿದು, ಸಾಧ್ಯವಾದರೆ ಹಾರಿಸಿ ನೋಡಿ.

ಬೇಕಾಗುವ ಭಾಗಗಳು: ಬಿಸ್ಲೀ ಗ್ರಿಪ್ ಫ್ರೇಮ್, ಬಿಸ್ಲೀ ಹ್ಯಾಮರ್, ಬಿಸ್ಲೀ ಟ್ರಿಗರ್, ಮೇನ್‌ಸ್ಪ್ರಿಂಗ್ (ಹ್ಯಾಮರನ್ನು ಮುಂದಕ್ಕೆ ತಳ್ಳುವ ಸ್ಪ್ರಿಂಗ್) ಕೂರುವ ಕಡ್ಡಿಯಾದ ಬಿಸ್ಲೀ ಸ್ಟ್ರಟ್, ಬಿಸ್ಲೀ ಗ್ರಿಪ್ ಪ್ಯಾನೆಲ್. ಫ್ರೇಮಿನ ಬೆನ್ನು ಎತ್ತರವಾದ್ದರಿಂದ ಹಳೆಯ ಹ್ಯಾಮರಿನ ಬಾಲ ಹಿಂದಕ್ಕೆ ಪೂರ್ತಿ ಬರಲು ಜಾಗ ಸಾಲದು, ಅದನ್ನೇ ತೇಯ್ದು ಹೊಂದಿಸಲು ಹೋಗಬೇಡಿ. ಹೊಸ ಹ್ಯಾಮರಿನ ಜೊತೆ ಅದರ ಪುಟ್ಟ ಪ್ಲಂಜರ್ (ಸ್ಪ್ರಿಂಗ್ ತಳ್ಳುವ ಸಣ್ಣ ಕಡ್ಡಿ), ಸ್ಪ್ರಿಂಗ್, ಪಿನ್ ಇವೆಯೇ ನೋಡಿ. ಇಲ್ಲದಿದ್ದರೆ ಹಳೆಯದರಿಂದ ತೆಗೆದು ಹಾಕಬೇಕು. ಬರಿ ಫ್ರೇಮ್ ಕೊಂಡರೆ ಟ್ರಿಗರ್ ಸ್ಪ್ರಿಂಗಿನ ಕಾಲು ಸಿಕ್ಕಿಸುವ ಅಡ್ಡ ಪಿನ್ ಇರುವುದಿಲ್ಲ, ಅದನ್ನು ಮರೆಯುವವರೇ ಹೆಚ್ಚು. ಕೆಲವು ಭಾಗಗಳನ್ನು ರೂಗರ್ ಬಿಡಿಯಾಗಿ ಮಾರುವುದಿಲ್ಲ, ಕಾರ್ಖಾನೆಯಲ್ಲೇ ಕೂರಿಸಿ ಕೊಡುತ್ತದೆ. 1973ಕ್ಕಿಂತ ಹಿಂದಿನ ಓಲ್ಡ್ ಮಾಡೆಲ್ ಫ್ರೇಮ್ ಅಗ್ಗಕ್ಕೆ ಸಿಕ್ಕಿತೆಂದು ತರಬೇಡಿ. ಅದರ ಟ್ರಿಗರ್ ಸ್ಪ್ರಿಂಗಿನ ವ್ಯವಸ್ಥೆಯೇ ಬೇರೆ. ಅಮೆರಿಕದ ಕಾನೂನಿನಲ್ಲಿ ಕೋವಿ ಅಂದರೆ ಸೀರಿಯಲ್ ನಂಬರ್ ಇರುವ ಸಿಲಿಂಡರ್ ಫ್ರೇಮ್, ಗ್ರಿಪ್ ಫ್ರೇಮ್ ಬಿಡಿಭಾಗದ ಲೆಕ್ಕ. ಬೇರೆ ದೇಶದಲ್ಲಿದ್ದರೆ ಅಲ್ಲಿನ ಲೈಸೆನ್ಸ್ ನಿಯಮ ನೋಡಿಕೊಂಡೇ ಕೈಹಾಕಿ.

ಬಿಚ್ಚುವ ಕ್ರಮ. ಲೋಡಿಂಗ್ ಗೇಟ್ ತೆರೆದು ಆರೂ ಚೇಂಬರ್ ಖಾಲಿ ಇವೆಯೆಂದು ಕಣ್ಣಲ್ಲಿ ನೋಡಿ, ಬೇಸ್ ಪಿನ್ (ಸಿಲಿಂಡರ್ ತಿರುಗುವ ಅಚ್ಚು) ಎಳೆದು ಸಿಲಿಂಡರ್ ಹೊರಗೆ ತೆಗೆಯಿರಿ. ಗ್ರಿಪ್ ಪ್ಯಾನೆಲಿನ ಸ್ಕ್ರೂವನ್ನು ಪೂರ್ತಿ ಬಿಚ್ಚದೆ ಸಡಿಲ ಮಾಡಿ ತಲೆಗೆ ಮೆಲ್ಲಗೆ ತಟ್ಟಿದರೆ ಆಚೆ ಬದಿಯ ಪ್ಯಾನೆಲ್ ತಾನೇ ಏಳುತ್ತದೆ. ಸಂದಿಗೆ ಸ್ಕ್ರೂಡ್ರೈವರ್ ತೂರಿಸಿದರೆ ಮರ ಸೀಳುತ್ತದೆ. ಗೇಟ್ ಮುಚ್ಚಿ ಹ್ಯಾಮರ್ ಪೂರ್ತಿ ಎಳೆಯಿರಿ. ಸ್ಟ್ರಟ್‌ನ ಕೆಳತುದಿಯಲ್ಲಿ ಸಣ್ಣ ತೂತು ಕಾಣುತ್ತದೆ, ಅದಕ್ಕೊಂದು ಗಟ್ಟಿ ತಂತಿ ತೂರಿಸಿ. ಟ್ರಿಗರ್ ಒತ್ತಿ ಹ್ಯಾಮರನ್ನು ಹೆಬ್ಬೆರಳಿನಿಂದ ನಿಧಾನವಾಗಿ ಇಳಿಸಿದರೆ ಮೇನ್‌ಸ್ಪ್ರಿಂಗ್ ಆ ತಂತಿಗೆ ಸಿಕ್ಕಿಕೊಂಡು ನಿಲ್ಲುತ್ತದೆ. ಟ್ರಿಗರ್ ಸ್ಪ್ರಿಂಗಿನ ಎರಡೂ ಕಾಲನ್ನು ಅಡ್ಡ ಪಿನ್ನಿನಿಂದ ಎತ್ತಿ ಬಿಡಿ.

ಈಗ ಐದು ಸ್ಕ್ರೂ: ಹ್ಯಾಮರಿನ ಎಡಬಲಕ್ಕೆ ಹಿಂದೆ ಎರಡು, ಕೆಳಗೆ ಗಾರ್ಡಿನ ಹಿಂದೆ ಎರಡು, ಗಾರ್ಡಿನ ಮುಂದೆ ಒಂದು. ಎಲ್ಲ ಒಂದೇ ಥರ ಅಲ್ಲ. ರಟ್ಟಿನ ಮೇಲೆ ಕೋವಿಯ ಚಿತ್ರ ಬರೆದು ಆಯಾ ಜಾಗದಲ್ಲೇ ಚುಚ್ಚಿಡಿ. ತಪ್ಪು ತೂತಿಗೆ ಉದ್ದದ ಸ್ಕ್ರೂ ಹೋದರೆ ಒಳಗಿನ ಭಾಗಕ್ಕೆ ತಾಗಿ ಚಲನೆ ಬಿಗಿಯಾಗುತ್ತದೆ. ಸ್ಕ್ರೂಡ್ರೈವರಿನ ಬಾಯಿ ಗೀರಿಗೆ ಸರಿಯಾಗಿ ತುಂಬಬೇಕು. ಅಲುಗದಿದ್ದರೆ ಸ್ಕ್ರೂ ತಲೆಗೆ ಬಿಸಿ ಸೋಲ್ಡರಿಂಗ್ ಐರನ್ ಒಂದು ನಿಮಿಷ ಇಡಿ, ಸ್ಕ್ರೂ ಸಡಿಲವಾಗದಿರಲೆಂದು ಹಚ್ಚಿದ್ದ ಅಂಟು ಮೆತ್ತಗಾಗುತ್ತದೆ.

ಫ್ರೇಮ್ ಎಳೆಯುವಾಗ ಕಣ್ಣಿಗೆ ಕನ್ನಡಕ ಇರಲಿ, ಕೈ ನಿಧಾನವಿರಲಿ. ಎರಡು ಕಡೆಯಿಂದ ಸಣ್ಣ ಸ್ಪ್ರಿಂಗ್ ಹಾರುತ್ತದೆ. ಸಿಲಿಂಡರನ್ನು ಲಾಕ್ ಮಾಡುವ ಲ್ಯಾಚಿನ ಸ್ಪ್ರಿಂಗ್ ಮತ್ತು ಪ್ಲಂಜರ್ ಗ್ರಿಪ್ ಫ್ರೇಮಿನ ಮುಂಭಾಗದ ತೂತಿನಲ್ಲಿವೆ. ಸಿಲಿಂಡರ್ ತಿರುಗಿಸುವ ಪಾಲ್‌ನ ಸ್ಪ್ರಿಂಗ್ ಮತ್ತು ಪ್ಲಂಜರ್ ಸಿಲಿಂಡರ್ ಫ್ರೇಮಿನ ಹಿಂಬದಿಯ ತೂತಿನಲ್ಲಿದ್ದು, ಗ್ರಿಪ್ ಫ್ರೇಮೇ ಅದಕ್ಕೆ ಮುಚ್ಚಳ. ಜೋಡಿಸುವಾಗ ಇಲ್ಲಿ ಪ್ಲಂಜರ್ ಮೊದಲು, ಸ್ಪ್ರಿಂಗ್ ಆಮೇಲೆ. ಒಂದು ತೊಟ್ಟು ಗ್ರೀಸ್ ಹಚ್ಚಿದರೆ ಬೀಳದೆ ನಿಲ್ಲುತ್ತವೆ.

ಲೋಹದ ಕೆಲಸಕ್ಕೆ ಹೆಚ್ಚು ಸಮಯ ಇಟ್ಟುಕೊಳ್ಳಿ. ಕಾರ್ಖಾನೆಯಲ್ಲಿ ಎರಡೂ ಫ್ರೇಮುಗಳನ್ನು ಜೋಡಿಸಿ ಒಟ್ಟಿಗೇ ಪಾಲಿಶ್ ಮಾಡಿರುತ್ತಾರೆ. ಇನ್ನೊಂದು ಕೋವಿಯ ಫ್ರೇಮ್ ತಂದರೆ ಹ್ಯಾಮರಿನ ಎರಡು ಬದಿಯ ಕಿವಿಗಳಲ್ಲಿ ಮತ್ತು ಗಾರ್ಡಿನ ಮುಂದಿನ ಅಂಚಿನಲ್ಲಿ ಏರುತಗ್ಗು ಬರುವುದು ಖಂಡಿತ. ಒಳಭಾಗಗಳನ್ನೆಲ್ಲ ಹೊರಗಿಟ್ಟು, ಬರಿ ಫ್ರೇಮುಗಳನ್ನು ಐದೂ ಸ್ಕ್ರೂನಿಂದ ಬಿಗಿದು, ಉಬ್ಬಿದ ಅಂಚಿಗೆ ಗುರುತಿನ ಬಣ್ಣ ಹಚ್ಚಿ, ಚೂಪು ಮೊಳೆಯಿಂದ ಗೆರೆ ಹಾಕಿ. ಅರ ಹಾಕುವುದು ಹೊಸ ಗ್ರಿಪ್ ಫ್ರೇಮಿಗೆ ಮಾತ್ರ, ಸಿಲಿಂಡರ್ ಫ್ರೇಮಿಗೆ ಬೇಡ. ಗೆರೆಯ ಹತ್ತಿರ ಬಂದ ಮೇಲೆ ಅರ ಬಿಟ್ಟು 320, ಆಮೇಲೆ 400 ನಂಬರಿನ ಎಮರಿ ಕಾಗದವನ್ನು ಗಟ್ಟಿ ಪಟ್ಟಿಗೆ ಸುತ್ತಿ ಉಜ್ಜಿ. ಬರಿ ಬೆರಳಿನಿಂದ ಉಜ್ಜಿದರೆ ಅಂಚು ದುಂಡಗಾಗಿ, ಜೋಡಣೆಯ ಗೆರೆ ಅಗಲವಾಗಿ ಕಾಣುತ್ತದೆ. ಸ್ಕ್ರೂ ತೂತು ಕೂದಲೆಳೆಯಷ್ಟು ಆಚೀಚೆ ಇದ್ದರೆ ಗ್ರಿಪ್ ಫ್ರೇಮಿನ ತೂತನ್ನೇ ಸಣ್ಣ ಅರದಿಂದ ಬಿಡಿಸಿ. ಸಿಲಿಂಡರ್ ಫ್ರೇಮಿನ ಮರೆಯನ್ನು (ಸ್ಕ್ರೂ ಹಿಡಿಯುವ ಸುರುಳಿ ಗೀರು) ಮುಟ್ಟಬೇಡಿ.

ಸ್ಟೇನ್‌ಲೆಸ್ ಆದರೆ ಒಂದೇ ದಿಕ್ಕಿಗೆ ಉಜ್ಜಿ ಮೂಲ ಗೀರಿಗೆ ಹೊಂದಿಸಿದರೆ ಮುಗಿಯಿತು. ಬ್ಲೂ ಮಾಡಿದ (ಉಕ್ಕಿಗೆ ರಾಸಾಯನಿಕದಿಂದ ಕಪ್ಪು-ನೀಲಿ ಪದರ ಕೊಟ್ಟ) ಕೋವಿಯಾದರೆ ಮತ್ತೆ ಹಾಟ್ ಬ್ಲೂಯಿಂಗ್ ಮಾಡಿಸಬೇಕು. ಹಚ್ಚಿ ಒರೆಸುವ ಕೋಲ್ಡ್ ಬ್ಲೂ ಅಂಗೈ ಬೆವರಿಗೆ ಉಳಿಯುವುದಿಲ್ಲ. ಅಲ್ಯೂಮಿನಿಯಂ ಫ್ರೇಮನ್ನು ಮಾತ್ರ ಆ ಬಿಸಿ ತೊಟ್ಟಿಗೆ ಎಂದಿಗೂ ಇಳಿಸಬೇಡಿ. ಅದರಲ್ಲಿರುವ ಕ್ಷಾರ ಅಲ್ಯೂಮಿನಿಯಂ ಅನ್ನು ಕರಗಿಸಿಬಿಡುತ್ತದೆ.

ಜೋಡಿಸುವಾಗ ಐದೂ ಸ್ಕ್ರೂವನ್ನು ಬೆರಳಿನಿಂದ ಹಿಡಿಸಿ, ಫ್ರೇಮ್ ಸಮವಾಗಿ ಕೂತ ಮೇಲೆ ಸ್ವಲ್ಪ ಸ್ವಲ್ಪವಾಗಿ ಬಿಗಿಯಿರಿ. ಟ್ರಿಗರ್ ಸ್ಪ್ರಿಂಗಿನ ಎರಡೂ ಕಾಲನ್ನು ಪಿನ್ನಿಗೆ ಸಿಕ್ಕಿಸಿ. ಟ್ರಿಗರ್ ಹಗುರಾಗಲಿ ಎಂದು ಒಂದು ಕಾಲನ್ನು ಬಿಟ್ಟುಬಿಡುವವರಿದ್ದಾರೆ. ಬೇಟೆಯ ಕೋವಿಗೆ ನಾನು ಅದನ್ನು ಒಪ್ಪುವುದಿಲ್ಲ. ಕೊಳೆ, ಚಳಿ ಸೇರಿದಾಗ ಟ್ರಿಗರ್ ಪೂರ್ತಿ ಹಿಂದಿರುಗುವುದು ಮುಖ್ಯ, ಏಕೆಂದರೆ ಟ್ರಾನ್ಸ್‌ಫರ್ ಬಾರ್ (ಹ್ಯಾಮರಿನ ಹೊಡೆತವನ್ನು ಫೈರಿಂಗ್ ಪಿನ್ನಿಗೆ ದಾಟಿಸುವ ಪಟ್ಟಿ) ಕೆಳಗಿಳಿಯುವುದು ಅದರಿಂದಲೇ.

ಇನ್ನು ಪರೀಕ್ಷೆ, ಖಾಲಿ ಕೋವಿಯಲ್ಲಿ. ಗೇಟ್ ತೆರೆದರೆ ಸಿಲಿಂಡರ್ ಸಲೀಸಾಗಿ ತಿರುಗಬೇಕು, ಹ್ಯಾಮರ್ ಏಳಬಾರದು. ಗೇಟ್ ಮುಚ್ಚಿ ಆರೂ ಚೇಂಬರಿಗೆ ಹ್ಯಾಮರನ್ನು ಬಹಳ ನಿಧಾನವಾಗಿ ಎಳೆಯಿರಿ. ಹ್ಯಾಮರ್ ನಿಲ್ಲುವ ಹೊತ್ತಿಗೆ ಸಿಲಿಂಡರ್ ಪ್ರತಿ ಸಲವೂ ಲಾಕ್ ಆಗಿರಬೇಕು. ಹ್ಯಾಮರ್ ನಿಂತ ಮೇಲೂ ಸಿಲಿಂಡರನ್ನು ಕೈಯಲ್ಲಿ ತಳ್ಳಿದರೆ ಮಾತ್ರ ಕ್ಲಿಕ್ ಅನ್ನುತ್ತದೆ ಎಂದಾದರೆ ಪಾಲ್ ಗಿಡ್ಡವಾಗಿದೆ, ಅದರಲ್ಲಿ ಗುಂಡು ಹಾರಿಸಬೇಡಿ. ಪೂರ್ತಿ ಎಳೆದ ಹ್ಯಾಮರನ್ನು ಹೆಬ್ಬೆರಳಿನಿಂದ ಮುಂದಕ್ಕೆ ಒತ್ತಿ, ಜಾರಿ ಬಿದ್ದರೆ ಟ್ರಿಗರಿನ ಹಿಡಿತ ಸರಿಯಿಲ್ಲ. ಇವೆರಡೂ ಗನ್‌ಸ್ಮಿತ್ ನೋಡಬೇಕಾದ ಕೆಲಸ. ಹಿಡಿತದ ಅಂಚಿಗೆ ಮನೆಯಲ್ಲಿ ಸಾಣೆಕಲ್ಲು ಹಾಕಬೇಡಿ, ಮೇಲಿನ ಗಟ್ಟಿ ಪದರ ಹೋದರೆ ಭಾಗ ಹಾಳು.

ಟ್ರಾನ್ಸ್‌ಫರ್ ಬಾರ್‌ಗೆ ಪೆನ್ಸಿಲ್ ಪರೀಕ್ಷೆ ಇದೆ. ನಳಿಗೆಯನ್ನು ಮೇಲ್ಮುಖವಾಗಿ ಹಿಡಿದು, ರಬ್ಬರ್ ತುದಿ ಕೆಳಗಾಗುವಂತೆ ಒಳಗೆ ಪೆನ್ಸಿಲ್ ಇಳಿಬಿಟ್ಟು, ಹ್ಯಾಮರ್ ಎಳೆದು ಟ್ರಿಗರ್ ಒತ್ತಿ. ಫೈರಿಂಗ್ ಪಿನ್ ಚೆನ್ನಾಗಿ ಬಡಿದರೆ ಪೆನ್ಸಿಲ್ ಚಂಗನೆ ಹಾರುತ್ತದೆ. ಸ್ವಲ್ಪ ಕದಲಿ ನಿಂತರೆ ಹೊಡೆತ ಸಾಲದು. ಅಂಥ ಹೊತ್ತಿಗೆ ಗಡಸು ಸ್ಪ್ರಿಂಗ್ ತರುವ ಮುಂಚೆ ಸ್ಟ್ರಟ್ ಬಿಸ್ಲೀಯದೇ ಹೌದೇ, ಹ್ಯಾಮರಿನ ಬದಿ ಫ್ರೇಮಿಗೆ ಉಜ್ಜುತ್ತಿದೆಯೇ ನೋಡಿ. ಉಜ್ಜಿದ ಕಡೆ ಲೋಹ ಮಿರುಗುತ್ತಿರುತ್ತದೆ.

ಎಲ್ಲ ಸರಿಯಿದ್ದರೆ ಸ್ಕ್ರೂಗಳನ್ನು ಒಂದೊಂದಾಗಿ ತೆಗೆದು ಎಣ್ಣೆ ಒರೆಸಿ, ಮರೆಗೆ ನೀಲಿ ಬಣ್ಣದ ಥ್ರೆಡ್‌ಲಾಕರ್ (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು) ಅರ್ಧ ತೊಟ್ಟು ಹಚ್ಚಿ ಬಿಗಿಯಿರಿ. ಕೆಂಪು ಬೇಡ, ಮುಂದೆ ಬಿಚ್ಚುವಾಗ ಸ್ಕ್ರೂ ತಲೆ ಕಿತ್ತು ಬರುತ್ತದೆ. ಮೊದಲ ದಿನ ಎರಡೇ ತೋಟಾ ತುಂಬಿ ಹಗುರ ಲೋಡಿನಿಂದ ಶುರು ಮಾಡಿ. ಐವತ್ತು ಗುಂಡು ಆದ ಮೇಲೆ ಐದೂ ಸ್ಕ್ರೂ ಮತ್ತೆ ನೋಡಿ, ಹ್ಯಾಮರಿನ ಪಕ್ಕದ ಎರಡನ್ನು ವಿಶೇಷವಾಗಿ.