ಮಾರದೇ ಇರುವ ಷೇರಿನಿಂದ ಲಾಭ ಬರುವುದು ಹೇಗೆ?

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ, ಸ್ವಲ್ಪ ಅಡಿಕೆ ತೋಟವೂ ಇದೆ. ಹಲವು ವರ್ಷಗಳಿಂದ ಒಂದು ಕಂಪನಿಯ ಷೇರುಗಳನ್ನು ಇಟ್ಟುಕೊಂಡಿದ್ದೇನೆ. ಈ ಸಲದ ವಾರ್ಷಿಕ ವರದಿಯಲ್ಲಿ ಲಾಭದ ದೊಡ್ಡ ಪಾಲು ಬೇರೊಂದು ಕಂಪನಿಯಲ್ಲಿನ ಹೂಡಿಕೆಯ ‘ನ್ಯಾಯಯುತ ಮೌಲ್ಯ’ ಏರಿದ್ದರಿಂದ ಬಂದಿದೆ ಎಂದಿದೆ. ಆ ಹೂಡಿಕೆಯನ್ನು ಮಾರಿಯೇ ಇಲ್ಲ. ಟಿಪ್ಪಣಿಯಲ್ಲಿ ‘ಲೆವೆಲ್ 3’ ಎಂದು ಬರೆದಿದ್ದಾರೆ. ಇದು ಸರಿಯೇ? ಸಾಲಕ್ಕೂ ಹೀಗೆ ಬೆಲೆ ಕಟ್ಟುತ್ತಾರಂತೆ, ಅದು ಹೇಗೆ?
– ಹೆಸರು ಬೇಡ, ತೀರ್ಥಹಳ್ಳಿ

ಉತ್ತರ: ಮಾರದ ಆಸ್ತಿಯ ಬೆಲೆಯೇರಿಕೆಯನ್ನು ಲೆಕ್ಕಕ್ಕೆ ತರುವುದು ತಪ್ಪಲ್ಲ, ಆ ಬೆಲೆಯನ್ನು ಯಾವ ಆಧಾರದ ಮೇಲೆ ಕಟ್ಟಿದ್ದಾರೆ ಎಂಬುದನ್ನು ನೋಡಬೇಕು. ಇದಕ್ಕೆ ನಮ್ಮ ದೇಶದಲ್ಲಿ ಇಂಡ್ ಎಎಸ್ 113 ಎಂಬ ಲೆಕ್ಕಪತ್ರ ಮಾನದಂಡವಿದೆ. 2015ರಲ್ಲಿ ಅಧಿಸೂಚನೆಯಾದ ಈ ಮಾನದಂಡಗಳು ದೊಡ್ಡ ಕಂಪನಿಗಳಿಗೆ 2016ರ ಏಪ್ರಿಲ್‌ನಿಂದ ಕಡ್ಡಾಯವಾದವು. ಲೆಕ್ಕ ಹಾಕುವ ದಿನ, ಮಾರುಕಟ್ಟೆ ಬಲ್ಲವರ ನಡುವೆ, ಯಾವ ಒತ್ತಡವೂ ಇಲ್ಲದೆ ವ್ಯವಹಾರ ನಡೆದರೆ ಆಸ್ತಿಯನ್ನು ಮಾರಿ ಪಡೆಯಬಹುದಾದ, ಅಥವಾ ಸಾಲದಂತಹ ಹೊಣೆಯನ್ನು ಇನ್ನೊಬ್ಬರಿಗೆ ವರ್ಗಾಯಿಸಲು ಕೊಡಬೇಕಾದ ಬೆಲೆಯೇ ನ್ಯಾಯಯುತ ಮೌಲ್ಯ.

ಇದು ನಿಮಗೆ ಅಪರಿಚಿತವಾದ ಲೆಕ್ಕವೇನಲ್ಲ. ಮನೆಯಲ್ಲಿ ಹತ್ತು ಕ್ವಿಂಟಲ್ ರಾಶಿ ಅಡಿಕೆ ಇದೆ ಎನ್ನಿ. ಮಾರ್ಚ್ 31ರಂದು ಅದರ ಬೆಲೆ ಎಷ್ಟೆಂದು ಯಾರಾದರೂ ಕೇಳಿದರೆ ಕೊಯ್ಲು, ಸುಲಿಯುವುದು, ಬೇಯಿಸುವುದು, ಒಣಗಿಸುವುದು ಇವುಗಳ ಖರ್ಚನ್ನು ಕೂಡಿಸಿ ನೀವು ಉತ್ತರ ಹೇಳುವುದಿಲ್ಲ; ಶಿವಮೊಗ್ಗದ ಎಪಿಎಂಸಿಯಲ್ಲಿ ಆ ದಿನ ರಾಶಿಗೆ ಆದ ದರವನ್ನು ಹೇಳುತ್ತೀರಿ. ಪಕ್ಕದ ಮನೆಯವರು ಮಗಳ ಮದುವೆಯ ಅವಸರಕ್ಕೆ, ಬಾಗಿಲಿಗೆ ಬಂದ ವ್ಯಾಪಾರಿಗೆ ಸಿಕ್ಕಿದ ದರಕ್ಕೆ ಕೊಟ್ಟಿದ್ದರೆ ಅದನ್ನು ನೀವು ಲೆಕ್ಕಕ್ಕೆ ಹಿಡಿಯುವುದಿಲ್ಲ. ಮಾನದಂಡವೂ ಬಲವಂತದ ಮಾರಾಟವನ್ನು ಹೀಗೆಯೇ ಬದಿಗಿಡುತ್ತದೆ. ಶಿವಮೊಗ್ಗದವರೆಗಿನ ಲಾರಿ ಬಾಡಿಗೆಯನ್ನು ಕಳೆಯಬೇಕು, ಏಕೆಂದರೆ ಸರಕು ಎಲ್ಲಿದೆ ಎಂಬುದೂ ಅದರ ಬೆಲೆಗೆ ಸೇರಿದ ಸಂಗತಿ; ದಲ್ಲಾಳಿಯ ಕಮಿಷನ್ನನ್ನು ಮಾತ್ರ ನ್ಯಾಯಯುತ ಮೌಲ್ಯದಿಂದ ಕಳೆಯುವಂತಿಲ್ಲ.

ಇನ್ನು ಲೆವೆಲ್‌ಗಳ ವಿಷಯ. ಷೇರುಪೇಟೆಯಲ್ಲಿ ದಿನವೂ ಕೈಬದಲಾಗುವ ಷೇರಿಗೆ ಅಲ್ಲಿಯ ದರವನ್ನು ಹಾಗೆಯೇ ತೆಗೆದುಕೊಂಡರೆ ಅದು ಲೆವೆಲ್ 1. ಅಪರೂಪಕ್ಕೆ ಮಾರಾಟವಾಗುವ ಸಾಲಪತ್ರಕ್ಕೆ, ಅಷ್ಟೇ ಅವಧಿಯ ಸರ್ಕಾರಿ ಸಾಲಪತ್ರದ ಬಡ್ಡಿಯಂತಹ ಮಾರುಕಟ್ಟೆಯ ಮಾಹಿತಿಯಿಂದ ಬೆಲೆ ಕಟ್ಟಿದರೆ ಲೆವೆಲ್ 2. ಲೆವೆಲ್ 3ರಲ್ಲಿ ಮುಖ್ಯವಾದ ಒಂದು ಅಂಶವಾದರೂ ಮಾರುಕಟ್ಟೆಯಲ್ಲಿ ಕಾಣಸಿಗುವುದಿಲ್ಲ. ಅದನ್ನು ಕಂಪನಿಯೇ ಅಂದಾಜು ಮಾಡಬೇಕಾಗುತ್ತದೆ. ಷೇರುಪೇಟೆಗೆ ಬಾರದ ಕಂಪನಿಗಳಲ್ಲಿನ ಹೂಡಿಕೆ ಸಾಮಾನ್ಯವಾಗಿ ಇಲ್ಲಿಗೇ ಬರುತ್ತದೆ.

ಆ ಅಂದಾಜು ಎಷ್ಟು ಸೂಕ್ಷ್ಮವಾದದ್ದು ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಹೂಡಿಕೆಯಿಂದ ಎರಡು ವರ್ಷದ ನಂತರ 121 ಲಕ್ಷ ರೂಪಾಯಿ ಬರಬಹುದು ಎಂದಿಟ್ಟುಕೊಳ್ಳಿ. ಅಪಾಯಕ್ಕೆ ತಕ್ಕ ಪ್ರತಿಫಲ ವರ್ಷಕ್ಕೆ ಶೇ 10 ಎಂದು ಹಿಡಿದರೆ ಇಂದಿನ ಮೌಲ್ಯ 100 ಲಕ್ಷ. ಶೇ 12 ಎಂದು ಹಿಡಿದರೆ ಸುಮಾರು 96.5 ಲಕ್ಷ. ಅವಧಿ ಹತ್ತು ವರ್ಷವಾದರೆ ಈ ಅಂತರ ಇನ್ನೂ ಬಹಳ ಹಿಗ್ಗುತ್ತದೆ. ಆದ್ದರಿಂದಲೇ ಲೆವೆಲ್ 3ಕ್ಕೆ ಹೆಚ್ಚಿನ ವಿವರಣೆಯನ್ನು ಕಡ್ಡಾಯ ಮಾಡಿದ್ದಾರೆ: ಯಾವ ವಿಧಾನ ಬಳಸಿದರು, ಪ್ರತಿಫಲದ ದರ ಎಷ್ಟೆಂದು ಹಿಡಿದರು, ಆ ದರ ತುಸು ಬದಲಾದರೆ ಮೌಲ್ಯ ಎಷ್ಟು ಬದಲಾಗುತ್ತದೆ, ವರ್ಷದ ಆರಂಭದ ಮೊತ್ತ ಕೊನೆಯ ಮೊತ್ತವಾದದ್ದು ಹೇಗೆ ಎಂಬುದೆಲ್ಲವೂ ಟಿಪ್ಪಣಿಯಲ್ಲಿರಬೇಕು. ನಿಮ್ಮ ವರದಿಯ ಆ ಪುಟಗಳನ್ನು ಹೋದ ವರ್ಷದವುಗಳೊಂದಿಗೆ ಪಕ್ಕಪಕ್ಕದಲ್ಲಿಟ್ಟು ದಯವಿಟ್ಟು ಓದಿ. ಹೂಡಿಕೆ ಮಾಡಿದ ಕಂಪನಿಯ ವ್ಯಾಪಾರದಲ್ಲಿ ವ್ಯತ್ಯಾಸವೇನೂ ಇಲ್ಲದೆ ಈ ಪ್ರತಿಫಲದ ದರ ಮಾತ್ರ ಇಳಿದು, ಅದರಿಂದಲೇ ಲಾಭ ಬಂದಿದ್ದರೆ, ವಾರ್ಷಿಕ ಮಹಾಸಭೆಯಲ್ಲಿ ಕಾರಣ ಕೇಳುವುದು ಷೇರುದಾರರಾಗಿ ನಿಮ್ಮ ಹಕ್ಕು. ನಾನಾಗಿದ್ದರೆ ಖಂಡಿತ ಕೇಳುತ್ತಿದ್ದೆ.

ಇಂತಹ ಲಾಭವನ್ನು ಹಂಚುವಂತಿಲ್ಲ ಎಂಬುದೂ ನಿಮಗೆ ತಿಳಿದಿರಲಿ. 2013ರ ಕಂಪನಿ ಕಾಯ್ದೆಯ 123ನೇ ಕಲಮಿನ ಪ್ರಕಾರ ಡಿವಿಡೆಂಡ್‌ಗೆ ಲಾಭ ಲೆಕ್ಕ ಹಾಕುವಾಗ ಕೈಗೆ ಬಾರದ ಲಾಭವನ್ನೂ ನ್ಯಾಯಯುತ ಮೌಲ್ಯದ ಏರಿಳಿತವನ್ನೂ ಹೊರಗಿಡಬೇಕು.

ಸಾಲದ ವಿಷಯದಲ್ಲಿ ಸಾಲಗಾರನ ಮೇಲಿನ ನಂಬಿಕೆಯೂ ಬೆಲೆಯೊಳಗೆ ಸೇರುತ್ತದೆ. ಒಂದು ವರ್ಷದ ನಂತರ ಬಡ್ಡಿ ಸೇರಿ 109 ರೂಪಾಯಿ ಕೊಡಬೇಕಾದ ಸಾಲಪತ್ರಕ್ಕೆ ಮಾರುಕಟ್ಟೆ ಶೇ 9ರ ಬಡ್ಡಿ ನಿರೀಕ್ಷಿಸಿದರೆ ಅದರ ಮೌಲ್ಯ 100 ರೂಪಾಯಿ. ಕಂಪನಿಯ ಸ್ಥಿತಿ ಹದಗೆಟ್ಟು ಜನ ಶೇ 12 ಕೇಳತೊಡಗಿದರೆ ಅದೇ ಪತ್ರದ ಮೌಲ್ಯ ಸುಮಾರು 97.3 ರೂಪಾಯಿಗೆ ಇಳಿಯುತ್ತದೆ, ಅಂದರೆ ಹೆಸರು ಕೆಟ್ಟ ಕಾರಣಕ್ಕೇ ಹೊಣೆ ಕಡಿಮೆಯಾದಂತೆ ಕಾಣುತ್ತದೆ. ಇದು ಲಾಭದಂತೆ ತೋರಿ ಓದುಗರನ್ನು ದಾರಿ ತಪ್ಪಿಸಬಾರದೆಂದು, ನ್ಯಾಯಯುತ ಮೌಲ್ಯದಲ್ಲಿ ತೋರಿಸಲು ಕಂಪನಿ ತಾನೇ ಆರಿಸಿಕೊಂಡ ಸಾಲಗಳಲ್ಲಿ ಈ ಭಾಗವನ್ನು ಸಾಮಾನ್ಯವಾಗಿ ಲಾಭ-ನಷ್ಟದ ಪಟ್ಟಿಗೆ ಸೇರಿಸದೆ ‘ಇತರ ಸಮಗ್ರ ಆದಾಯ’ದಲ್ಲಿ ಪ್ರತ್ಯೇಕವಾಗಿ ತೋರಿಸಲು ಇಂಡ್ ಎಎಸ್ 109 ಹೇಳುತ್ತದೆ. ಬ್ಯಾಂಕಿನಿಂದ ತಂದ ಮಾಮೂಲಿ ಸಾಲಗಳಿಗೆ ಈ ಏರಿಳಿತ ಬಹುಮಟ್ಟಿಗೆ ತಟ್ಟುವುದಿಲ್ಲ. ಅವನ್ನು ಅಸಲು ಮತ್ತು ಬಡ್ಡಿಯ ಲೆಕ್ಕದಲ್ಲೇ ಮುಂದುವರಿಸುತ್ತಾರೆ.