ಗದ್ದೆ ಕಾಯುವ ರಾತ್ರಿ, ಉಳಿದ ರಾತ್ರಿಗಳು

ಕೊಪ್ಪ ತಾಲ್ಲೂಕಿನ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ. ಎರಡು ತಿಂಗಳ ಹಿಂದೆ ನಾನು 'ಮನೆಯಲ್ಲಿ ಕೋವಿ ಯಾಕೆ?' ಎಂದು ಸಂಪಾದಕೀಯ ಬರೆದಿದ್ದೆ. ಹಿಂದೆ ಆಗಿದ್ದರೆ ಅವರು ಅದನ್ನು ಪೂರ್ತಿ ಒಪ್ಪುತ್ತಿದ್ದರಂತೆ. ಅಪ್ಪ ತೀರಿಕೊಂಡ ಮೇಲೆ ಮನೆಯ ಜೋಡುನಳಿಗೆ ಕೋವಿಯನ್ನು ತಾವೇ ಠಾಣೆಗೆ ಒಪ್ಪಿಸಿ ಬಂದವರು. ಆದರೆ ಕಳೆದ ವರ್ಷ ತೆನೆ ಬಿಟ್ಟ ಗದ್ದೆಗೆ ಹಂದಿಗಳು ನುಗ್ಗಿ, ಒಂದೇ ರಾತ್ರಿಯಲ್ಲಿ ಅರ್ಧ ಎಕರೆ ನೆಲಕ್ಕೆ ಹಾಸಿದವು. ಅದಾಗಿ ವಾರಕ್ಕೆ, ಬೆಳಗಿನ ಜಾವ ಹಾಲು ಕರೆಯಲು ಕೊಟ್ಟಿಗೆಗೆ ಹೊರಟ ಅವರ ಹೆಂಡತಿಯ ಮೇಲೆ ಒಂಟಿ ಹಂದಿ ಎರಗಿ ತೊಡೆ ಸೀಳಿತು. 11 ದಿನ ಆಸ್ಪತ್ರೆ. ಮನೆಯಲ್ಲಿ ಗಂಡ, ಹೆಂಡತಿ, ಪಿಯುಸಿ ಓದುವ ಮಗ, ಮೂರೇ ಜನ. ಈಗ ಅವರು ಲೈಸೆನ್ಸಿಗೆ ಅರ್ಜಿ ಹಾಕಿದ್ದಾರೆ. ಕೊಡಗಿನವರಿಗೆ ಲೈಸೆನ್ಸೇ ಬೇಡ, ನಮಗೇಕೆ ಇಷ್ಟು ಅಲೆದಾಟ ಎಂದು ಕೇಳಿದ್ದಾರೆ. "ಗದ್ದೆ ಬದುವಿನಲ್ಲಿ ಒಂದು ರಾತ್ರಿ ಕೂತು ನೋಡಿ, ಆಮೇಲೆ ಬರೆಯಿರಿ" ಎಂದು ಪತ್ರ ಮುಗಿಸಿದ್ದಾರೆ.

ನಮಸ್ಕಾರ.

ಮೊದಲು ಹೇಳಿ, ನಿಮ್ಮ ಮನೆಯವರು ಈಗ ಹೇಗಿದ್ದಾರೆ? ಹಂದಿಯ ಕೋರೆ ಸೀಳಿದ ಗಾಯ ಬೇಗ ಮಾಯುವುದಿಲ್ಲ. ಮತ್ತೆ ಕತ್ತಲಲ್ಲಿ ಅಂಗಳಕ್ಕೆ ಇಳಿಯಲು ಎಷ್ಟು ಧೈರ್ಯ ಬೇಕು ಎಂದು ಪತ್ರ ಓದುವಾಗ ಯೋಚಿಸುತ್ತಲೇ ಇದ್ದೆ.

ನಿಮ್ಮ ಕೊನೆಯ ಸಾಲು ನನಗೆ ನಾಟಿತು. ಯಾಕೆಂದರೆ ಗದ್ದೆ ಬದುವಿನಲ್ಲಿ ನಾನು ಕೂತಿದ್ದೇನೆ. ಸಂಪಾದಕೀಯದಲ್ಲಿ ಅದನ್ನು ಬರೆಯಬೇಕಿತ್ತು, ಬರೆಯಲಿಲ್ಲ. ಈಗ ಬರೆಯುತ್ತೇನೆ.

ತೀರ್ಥಹಳ್ಳಿ ಕಡೆಯ ನಮ್ಮ ಮನೆಯ ಜಗುಲಿ ಗೋಡೆಗೆ ಒಂದು ಕೇಪಿನ ಕೋವಿ ತೂಗುಹಾಕಿತ್ತು. ಅಜ್ಜನ ಕಾಲದ್ದು. ಮಸಿ, ಚರೆ, ಕೇಪು ಬೇರೆ ಬೇರೆ ಡಬ್ಬಿಯಲ್ಲಿ. ಆಯುಧಪೂಜೆಯ ದಿನ ಅದನ್ನು ಒರೆಸಿ, ಎಣ್ಣೆ ಸವರಿ, ಕತ್ತಿ ಗುದ್ದಲಿಗಳ ಪಕ್ಕ ಇಡುವುದು ನನ್ನ ಕೆಲಸ. ಅದು ನನಗೆ ಎಷ್ಟು ಹೆಮ್ಮೆಯ ವಿಷಯವಾಗಿತ್ತು! ಕೋವಿ ಇಲ್ಲದ ಮನೆಯನ್ನು ಕಂಡರೆ ಪಾಪ ಅನ್ನಿಸುತ್ತಿತ್ತು.

ನನಗಾಗ 15 ವರ್ಷ. ಚಿಕ್ಕಪ್ಪನ ಜೊತೆ ಮಾಳದಲ್ಲಿ ಕಾವಲಿಗೆ ಕೂತಿದ್ದೆ. ನಡುರಾತ್ರಿ ಕಳೆದಿತ್ತು. ಮಂಜು ಇಳಿಯುತ್ತಿತ್ತು. ಬದುವಿನಾಚೆ ಲಂಟಾನದ ಮಟ್ಟಿ ಅಲುಗಿತು. "ಬೆಳಕು ಬಿಡು" ಎಂದು ಚಿಕ್ಕಪ್ಪ ಪಿಸುಗುಟ್ಟಿದರು. ಟಾರ್ಚ್ ನನ್ನ ಕೈಯಲ್ಲಿತ್ತು. ಬಿಟ್ಟೆ. ಮಟ್ಟಿಯ ಸಂದಿಯಲ್ಲಿ ಏನೋ ಕಪ್ಪಗೆ, ಬಾಗಿದಂತೆ ಕಂಡಿತು. ಈಡು ಹಾರಿತು. ಆಮೇಲೆ ಕೇಳಿದ್ದು ಹಂದಿಯ ಕೂಗಲ್ಲ.

ಅವನು ಪಕ್ಕದ ಮನೆಯ ಹುಡುಗ. ನನ್ನದೇ ಕ್ಲಾಸು. ಅವರ ಗದ್ದೆ ಕಾಯಲು ಬಂದವನು ಕರಿಕಂಬಳಿ ಹೊದ್ದು ಬದು ದಾಟುತ್ತಿದ್ದ. ಜೀವ ಉಳಿಯಿತು. ಎಡಗಾಲು ಮೊಣಕಾಲಿನಿಂದ ಕೆಳಗೆ ಉಳಿಯಲಿಲ್ಲ.

ಚಿಕ್ಕಪ್ಪ ಕುಡಿಯುವವರಲ್ಲ, ಹುಡುಗಾಟದವರಲ್ಲ. ಕೋವಿಗೆ ಮಸಿ ತುಂಬುವಾಗ ಬೀಡಿ ಸೇದುವವರನ್ನು ಅಂಗಳದಾಚೆ ಕಳಿಸುತ್ತಿದ್ದರು. ಊರಲ್ಲಿ ಎಲ್ಲರಿಗಿಂತ ಜಾಸ್ತಿ ಎಚ್ಚರದ ಮನುಷ್ಯ ಎಂದೇ ಅವರಿಗೆ ಹೆಸರಿತ್ತು. ಕೇಸು ನಡೆಯಿತು. ಕೋವಿ ಮತ್ತೆ ಮನೆಗೆ ಬರಲಿಲ್ಲ. ಬೆಳಕು ಬಿಟ್ಟವನು ನಾನು ಎಂಬುದನ್ನು ಯಾರೂ ಎತ್ತಿ ಆಡಲಿಲ್ಲ. ಅವನ ಅಮ್ಮ ಕೂಡ ಆಡಲಿಲ್ಲ.

ಇನ್ನೊಂದನ್ನೂ ಹೇಳಲೇಬೇಕು. ಮೂರನೇ ರಾತ್ರಿ ಹಂದಿಗಳು ಬಂದವು. ಕಾಯುವವರು ಇರಲಿಲ್ಲ. ಗದ್ದೆ ಪೂರ್ತಿ ಹೋಯಿತು. ಆ ವರ್ಷ ಊಟದ ಅಕ್ಕಿಯನ್ನು ಅಂಗಡಿಯಿಂದ ತಂದೆವು. ಹಾಗಾಗಿ ನಿಮ್ಮ ಅರ್ಧ ಎಕರೆ ಅಂದರೆ ಎಷ್ಟು ಎಂದು ನನಗೆ ಗೊತ್ತು.

ನಿಮ್ಮನ್ನು ಒಂದು ಘಟನೆ ಕೋವಿಯ ಕಡೆ ತಿರುಗಿಸಿತು. ನನ್ನನ್ನು ಇನ್ನೊಂದು ಘಟನೆ ಅದರಿಂದ ದೂರ ಮಾಡಿತು. ಇಬ್ಬರ ಅನುಭವವೂ ನಿಜ. ಹಾಗಾದರೆ ಅನುಭವವನ್ನು ನಂಬುವುದು ಹೇಗೆ? ಈ ಪ್ರಶ್ನೆ ಬಂದಾಗಲೆಲ್ಲ ನನಗೆ ಅಮೆರಿಕದ ಇಬ್ಬರು ಹೆಣ್ಣುಮಕ್ಕಳು ನೆನಪಾಗುತ್ತಾರೆ.

ಒಬ್ಬರು ಸುಝಾನಾ ಹಪ್. 1991ರ ಅಕ್ಟೋಬರ್ 16ರಂದು ಟೆಕ್ಸಾಸ್‌ನ ಕಿಲೀನ್ ಊರಿನ ಹೋಟೆಲೊಂದರಲ್ಲಿ ಅಪ್ಪ ಅಮ್ಮನ ಜೊತೆ ಊಟಕ್ಕೆ ಕೂತಿದ್ದರು. ಒಬ್ಬ ಪಿಕಪ್ ಗಾಡಿಯನ್ನು ಗಾಜು ಒಡೆದು ಒಳಗೇ ನುಗ್ಗಿಸಿ, ಇಳಿದು ಗುಂಡು ಹಾರಿಸತೊಡಗಿದ. 23 ಜನ ಸತ್ತರು. ತಡೆಯಲು ಹೋದ ಅಪ್ಪ ಸತ್ತರು. ಅಪ್ಪನನ್ನು ಬಿಟ್ಟು ಬರದ ಅಮ್ಮನೂ ಸತ್ತರು. ಸುಝಾನಾ ಬಳಿ ರಿವಾಲ್ವರ್ ಇತ್ತು. ಆದರೆ ಆಗಿನ ಟೆಕ್ಸಾಸ್ ಕಾನೂನಿನಲ್ಲಿ ಅದನ್ನು ಬಚ್ಚಿಟ್ಟುಕೊಂಡು ಓಡಾಡುವಂತಿರಲಿಲ್ಲ. ಅದಕ್ಕೇ ಕಾರಿನಲ್ಲಿ ಬಿಟ್ಟು ಬಂದಿದ್ದರು. ಕಾನೂನು ಪಾಲಿಸಿದ್ದೇ ತಪ್ಪಾಯಿತು ಎಂಬ ಸಂಕಟ ಹೊತ್ತು ಅವರು ಊರೂರಲ್ಲಿ ಸಾಕ್ಷಿ ಹೇಳಿದರು. 1995ರಲ್ಲಿ ಟೆಕ್ಸಾಸ್ ಕಾನೂನು ಬದಲಾಯಿತು. ಮರುವರ್ಷ ಅವರೇ ಶಾಸಕಿಯಾಗಿ ಆರಿಸಿ ಬಂದರು.

ಇನ್ನೊಬ್ಬರು ಸಾರಾ ಬ್ರಾಡಿ. ಅಧ್ಯಕ್ಷ ರೇಗನ್ ಅವರ ಪತ್ರಿಕಾ ಕಾರ್ಯದರ್ಶಿ ಜೇಮ್ಸ್ ಬ್ರಾಡಿಯ ಹೆಂಡತಿ. 1981ರ ಮಾರ್ಚ್ 30ರಂದು ರೇಗನ್ ಮೇಲೆ ಹಾರಿದ ಗುಂಡುಗಳಲ್ಲಿ ಒಂದು ಜೇಮ್ಸ್ ತಲೆಗೆ ಬಿತ್ತು. ಅವರು ಬದುಕಿಡೀ ಗಾಲಿಕುರ್ಚಿ ಹಿಡಿದರು. ಆದರೆ ಸಾರಾ ಹೋರಾಟಕ್ಕೆ ಇಳಿದದ್ದು ಆ ದಿನವಲ್ಲ. ಕೆಲವು ವರ್ಷಗಳ ಮೇಲೆ, ಪರಿಚಯದವರ ಗಾಡಿಯ ಸೀಟಿನ ಮೇಲಿದ್ದ ಪಿಸ್ತೂಲನ್ನು ಅವರ ಪುಟ್ಟ ಮಗ ಎತ್ತಿಕೊಂಡು, ಆಟಿಕೆ ಎಂದುಕೊಂಡು ಅಮ್ಮನ ಕಡೆ ತಿರುಗಿಸಿದ. ಅದರಲ್ಲಿ ಗುಂಡು ತುಂಬಿತ್ತು. ಏನೂ ಆಗಲಿಲ್ಲ. ಆದರೆ ಆ ಹೊತ್ತು ಸಾರಾ ಬದಲಾದರು. ಪಿಸ್ತೂಲು ಕೊಳ್ಳುವವನ ಪೂರ್ವಾಪರ ನೋಡಲೇಬೇಕು ಎಂಬ ಕಾನೂನಿಗಾಗಿ ವರ್ಷಗಟ್ಟಲೆ ಓಡಾಡಿದರು. ಬಂದೂಕಿನ ಪರ ಎಂದೇ ಹೆಸರಾಗಿದ್ದ ರೇಗನ್ ಕೂಡ 1991ರಲ್ಲಿ ಅದನ್ನು ಬೆಂಬಲಿಸಿ ಬರೆದರು. 1993ರಲ್ಲಿ ಅದು ಕಾನೂನಾಯಿತು.

ಈ ಇಬ್ಬರಲ್ಲಿ ಯಾರಿಗೆ "ನಿಮಗೇನು ಗೊತ್ತು" ಎನ್ನುತ್ತೀರಿ? ನನಗಂತೂ ಯಾರಿಗೂ ಅನ್ನಲು ಬಾಯಿ ಬರುವುದಿಲ್ಲ.

ಆದರೆ ಒಂದು ಮಾತು. ಇಂಥ ಅನುಭವ ನಮಗೆ ಕಲಿಸುವುದು ಆ ಒಂದು ರಾತ್ರಿಗೆ ಏನು ಬೇಕಿತ್ತು ಎಂಬುದನ್ನು. ಕೋವಿಯಾದರೋ ಉಳಿದ ಎಲ್ಲಾ ರಾತ್ರಿಯೂ ಮನೆಯಲ್ಲೇ ಇರುತ್ತದೆ. ಮಳೆಗಾಲದಲ್ಲಿ, ಜಗಳ ಆದ ದಿನ, ರಿಸಲ್ಟ್ ಬಂದ ದಿನ, ಸಾಲದವರು ಬಂದು ಹೋದ ಸಂಜೆ. ಆ ರಾತ್ರಿಗಳನ್ನು ಒಬ್ಬರ ಅನುಭವ ತೋರಿಸುವುದಿಲ್ಲ. ಅದಕ್ಕೆ ಬಹಳ ಜನರ ಲೆಕ್ಕ ಬೇಕು.

ಅಂಥದ್ದೊಂದು ಲೆಕ್ಕ ಇಸ್ರೇಲ್ ಸೇನೆಯದು. ಅಲ್ಲಿ ಎಳೆಯ ಸೈನಿಕರು ವಾರದ ಕೊನೆಗೆ ರಜೆ ಮೇಲೆ ಬಂದೂಕು ಸಮೇತ ಮನೆಗೆ ಹೋಗುತ್ತಿದ್ದರು. 2006ರಲ್ಲಿ ಬಂದೂಕನ್ನು ಶಿಬಿರದಲ್ಲೇ ಬಿಟ್ಟು ಹೋಗಬೇಕು ಎಂದು ನಿಯಮ ಬಂತು. ಸೈನಿಕರ ಆತ್ಮಹತ್ಯೆ ಸುಮಾರು ಶೇ. 40ರಷ್ಟು ಇಳಿಯಿತು. ವಾರದ ದಿನಗಳಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಇರಲಿಲ್ಲ. ಇಳಿದದ್ದು ವಾರದ ಕೊನೆಯದು, ಅಂದರೆ ಬಂದೂಕು ಮನೆಯಲ್ಲಿ ಇಲ್ಲದ ದಿನಗಳದು. ಅವರ ದುಃಖ ಕಡಿಮೆಯಾಗಿತ್ತು ಎಂದಲ್ಲ. ಆ ಹೊತ್ತಿನಲ್ಲಿ ಕೈಗೆ ಸಿಗುವಂತೆ ಬಂದೂಕು ಇರಲಿಲ್ಲ, ಅಷ್ಟೆ. ಅವರೆಲ್ಲ ನಿಮ್ಮ ಮಗನಿಗಿಂತ ಎರಡು ಮೂರು ವರ್ಷ ದೊಡ್ಡವರು.

ಹೆದರಿಸಲು ಹೇಳುತ್ತಿಲ್ಲ. ಎಲೆಚುಕ್ಕೆ ರೋಗ ಬಂದು ಅಡಿಕೆ ತೋಟ ಸೊರಗಿದ ಮನೆಗಳು ನಿಮ್ಮ ಸುತ್ತಲೂ ಇವೆ. ಆ ಮನೆಗಳ ಒಳಗಿನ ರಾತ್ರಿಗಳು ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಕೊಡಗಿನ ಮಾತಿಗೆ ಬರುತ್ತೇನೆ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ, ಅಂದರೆ ಅಲ್ಲಿ ವಂಶಪಾರಂಪರ್ಯವಾಗಿ ಜಮೀನು ಹೊಂದಿರುವವರಿಗೆ, ಕೋವಿ ಲೈಸೆನ್ಸಿನಿಂದ ಇರುವ ವಿನಾಯಿತಿ ಬ್ರಿಟಿಷರ ಕಾಲದಿಂದ ಬಂದದ್ದು. ಈಗ 2029ರವರೆಗೆ ಇದೆ. 2021ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ಅಲ್ಲಿ ಕೋವಿ ಹುಟ್ಟಿಗೂ ಬೇಕು, ಸಾವಿಗೂ ಬೇಕು, ಆಯುಧ ಪೂಜಿಸುವ ಕೈಲ್‌ಪೋದ್ ಹಬ್ಬಕ್ಕೂ ಬೇಕು. ಹಂದಿ ಕಾಟಕ್ಕೆಂದು ತರುವ ಕೋವಿಯನ್ನು ಅದರ ಜೊತೆ ಹೋಲಿಸುವುದು ಸರಿಯಾಗದು. ಆದರೆ ನಿಮ್ಮ ಅಲೆದಾಟದ ದೂರು ನ್ಯಾಯವಾದದ್ದು. ತಹಶೀಲ್ದಾರರ ವರದಿ, ಪೊಲೀಸರ ವರದಿ ಎಂದು ತಿಂಗಳುಗಟ್ಟಲೆ ಕಾಯಿಸುವುದು, ಚುನಾವಣೆ ಬಂತೆಂದರೆ ಎಲ್ಲರ ಕೋವಿಯನ್ನೂ ಠಾಣೆಗೆ ತರಿಸುವುದು, ಇದರಿಂದ ಬೆಳೆ ಕಾಯುವವರಿಗೆ ಕಷ್ಟ. ನನ್ನ ಸಂಪಾದಕೀಯ ಇದನ್ನು ಬಿಟ್ಟುಬಿಟ್ಟಿತ್ತು. ಅದು ನನ್ನ ತಪ್ಪು.

ಈಗ ನಿಮ್ಮ ಮನೆಯ ಆ ಬೆಳಗಿನ ಜಾವವನ್ನೇ ಇನ್ನೊಮ್ಮೆ ನೋಡೋಣ. ಕೋವಿ ಇದ್ದಿದ್ದರೂ ಅದು ಗೋಡೆಯ ಮೇಲಿರುತ್ತಿತ್ತು, ಸುಝಾನಾ ಅವರ ರಿವಾಲ್ವರ್ ಕಾರಿನಲ್ಲಿದ್ದಂತೆ. ನಿಮ್ಮ ಮನೆಯವರ ಕೈಯಲ್ಲಿದ್ದದ್ದು ಹಾಲಿನ ಚೊಂಬು ಅಲ್ವಾ? ಕೊಟ್ಟಿಗೆಯ ದಾರಿಗೆ ಎರಡು ದೀಪ, ಹಿತ್ತಲಿಗೆ ಗಟ್ಟಿ ಬೇಲಿ, ಗದ್ದೆಗೆ ಅಕ್ಕಪಕ್ಕದವರು ಸೇರಿ ಸೋಲಾರ್ ಬೇಲಿ. ಇವುಗಳಿಗೂ ದುಡ್ಡು ಬೇಕು, ಗೊತ್ತು. ಆದರೆ ಅರ್ಜಿಗೆ ಉತ್ತರ ಬರುವವರೆಗೆ ಸುಮ್ನೆ ಕೂರಬೇಡಿ. ಬೆಳೆನಾಶಕ್ಕೂ ಗಾಯಕ್ಕೂ ಅರಣ್ಯ ಇಲಾಖೆಯಲ್ಲಿ ಪರಿಹಾರ ಕೇಳಿದ್ದೀರಾ? ಪತ್ರದಲ್ಲಿ ಆ ವಿಷಯ ಇಲ್ಲ.

ಲೈಸೆನ್ಸ್ ಬಂದರೆ ನಾನು ಬೇಡ ಎನ್ನುವುದಿಲ್ಲ. ಲೈಸೆನ್ಸ್ ಇದೆ ಎಂದ ಮಾತ್ರಕ್ಕೆ ಹಂದಿ ಹೊಡೆಯುವಂತಿಲ್ಲ, 1972ರ ವನ್ಯಜೀವಿ ಕಾಯ್ದೆ ಇದೆ ಎಂಬುದು ನಿಮಗೆ ಗೊತ್ತೇ ಇದೆ. ನಾನು ಕೇಳಿಕೊಳ್ಳುವುದು ಬೇರೆ. ಕೋವಿ ಒಂದು ಕಡೆ, ತೋಟಾ ಇನ್ನೊಂದು ಕಡೆ, ಎರಡಕ್ಕೂ ಬೀಗ. ಕೀಲಿ ಎಲ್ಲಿದೆ ಎಂದು ಮಗನಿಗೆ ಗೊತ್ತಾಗಬಾರದು. ಕಾವಲಿಗೆ ಹೊರಡುವ ರಾತ್ರಿ ಅಕ್ಕಪಕ್ಕದ ಮನೆಗೆಲ್ಲ ಫೋನ್ ಮಾಡಿ ಹೇಳಿ. ಮತ್ತು ಬೆಳಕು ಹಿಡಿಯಲು ಮಗನನ್ನು ಕರೆದುಕೊಂಡು ಹೋಗಬೇಡಿ.

ಕೊಯ್ಲು ಮುಗಿದ ಮೇಲೆ ಮತ್ತೆ ಬರೆಯಿರಿ. ಗದ್ದೆ ಎಷ್ಟು ಉಳಿಯಿತು, ಮನೆಯವರ ಕಾಲು ಹೇಗಿದೆ, ಎರಡನ್ನೂ ಬರೆಯಿರಿ.

– ಸಂಪಾದಕ