ಚಿಮ್ನಿ ಹುಡ್: ಸ್ಟೀಲೋ, ತಾಮ್ರವೋ, ಮರವೋ?

ನಿಮ್ಮ ಫೋಟೋ ನೋಡಿದೆ. ತಿಳಿ ಬಣ್ಣದ ಮರದ ಕಪಾಟು, ಬಿಳಿ ಗೋಡೆ, ನಾಲ್ಕು ಬರ್ನರ್‌ನ ಗ್ಯಾಸ್ ಒಲೆ. ಒಲೆಯ ಮೇಲೆ ಹೊಗೆ, ಹಬೆ ಎಳೆಯುವ ಚಿಮ್ನಿಯ ಹುಡ್ ಸ್ಟೀಲಿನದು ಇರಲಾ, ಕಪ್ಪು ಬಣ್ಣದ್ದು ತಗೊಳ್ಳಲಾ, ತಾಮ್ರ ಹಾಕಿಸಲಾ, ಇಲ್ಲ ಕಪಾಟಿಗೆ ಹೊಂದುವ ಹಾಗೆ ಮರದಲ್ಲೇ ಮಾಡಿಸಲಾ ಅಂತ ಕೇಳಿದ್ದೀರಿ.

ಮೊದಲು ಒಂದು ವಿಷಯ. ಹುಡ್‌ಗೆ ಎರಡು ಮೈ ಇರುತ್ತದೆ. ನಾವು ನೋಡುವುದು ಹೊರಮೈ. ಹಬೆ, ಎಣ್ಣೆಜಿಡ್ಡು, ಬಿಸಿ ಎಲ್ಲ ಬಡಿಯುವುದು ಒಳಮೈಗೆ. ಒಳಗೆ ಸ್ಟೇನ್‌ಲೆಸ್ ಸ್ಟೀಲೇ ಇರಲಿ, ಅದರಲ್ಲಿ ರಾಜಿ ಬೇಡ. ಹೊರಮೈ ಮಾತ್ರ ನಿಮ್ಮ ಅಡುಗೆಮನೆಯ ಅಂದಕ್ಕೆ ತಕ್ಕ ಹಾಗೆ ಆರಿಸಿ.

ಸ್ಟೀಲ್ ತಗೊಂಡರೆ 304 ಗ್ರೇಡಾ, 430 ಗ್ರೇಡಾ ಅಂತ ಕೇಳಿ. 304ರಲ್ಲಿ ಸುಮಾರು 18% ಕ್ರೋಮಿಯಂ, 8% ನಿಕ್ಕಲ್ ಇರುತ್ತದೆ. 430ರಲ್ಲಿ ನಿಕ್ಕಲ್ ಇಲ್ಲದಷ್ಟು ಕಡಿಮೆ, ಹಾಗಾಗಿ ತುಕ್ಕು ತಡೆಯುವುದರಲ್ಲಿ 304 ಮೇಲು. ಅಂಗಡಿಗೆ ಹೋಗುವಾಗ ಒಂದು ಪುಟ್ಟ ಅಯಸ್ಕಾಂತ ಜೇಬಿನಲ್ಲಿಟ್ಟುಕೊಳ್ಳಿ. 430ಕ್ಕೆ ಅದು ಟಪ್ ಅಂತ ಅಂಟಿಕೊಳ್ಳುತ್ತದೆ. 304ಕ್ಕೆ ಸಾಮಾನ್ಯವಾಗಿ ಅಂಟುವುದಿಲ್ಲ, ಬಗ್ಗಿಸಿದ ಅಂಚಿನಲ್ಲಿ ಮಾತ್ರ ಸ್ವಲ್ಪ ಎಳೆಯಬಹುದು. ಉಪ್ಪುಗಾಳಿ ಬರುವ ಕಡೆ ಇದ್ದರೆ 304ಕ್ಕೇ ಹೋಗಿ. ಬೇರೆ ಕಡೆ ಒರೆಸಿ ಒಣಗಿಸುವ ಅಭ್ಯಾಸ ಇದ್ದರೆ 430 ಕೂಡ ಚೆನ್ನಾಗಿಯೇ ಬಾಳುತ್ತದೆ. ತಗಡಿನ ದಪ್ಪವನ್ನು ಗೇಜ್ ನಂಬರಿನಲ್ಲಿ ಹೇಳುತ್ತಾರೆ, ಆ ನಂಬರ್ ಚಿಕ್ಕದಾದಷ್ಟೂ ತಗಡು ದಪ್ಪ ಅನ್ನೋದೂ ನೆನಪಿರಲಿ. ತೆಳು ತಗಡು ಫ್ಯಾನ್ ಓಡುವಾಗ ಗುಂಯ್ ಅಂತ ನಡುಗುತ್ತದೆ. ಬೆರಳ ಗೆಣ್ಣಿನಿಂದ ತಟ್ಟಿ ನೋಡಿ, ಸದ್ದಿನಲ್ಲೇ ಗೊತ್ತಾಗುತ್ತದೆ.

ಸ್ಟೀಲಿನಲ್ಲಿ ಕನ್ನಡಿ ಹೊಳಪಿಗಿಂತ ಬ್ರಷ್ ಫಿನಿಶ್, ಅಂದರೆ ಒಂದೇ ದಿಕ್ಕಿಗೆ ಸಣ್ಣ ಗೆರೆಗಳಿರುವ ಮೈ, ಒಳ್ಳೆಯದು. ಬೆರಳಿನ ಗುರುತು ಕಡಿಮೆ ಕಾಣುತ್ತದೆ. ಆದರೆ ಒರೆಸುವಾಗ ಗೆರೆ ಹೋದ ದಿಕ್ಕಿಗೇ ಒರೆಸಬೇಕು. ಅಡ್ಡ ಉಜ್ಜಿದರೆ ಬೀಳುವ ಗೀರು ಸುಲಭವಾಗಿ ಹೋಗುವುದಿಲ್ಲ. ಕ್ಲೋರಿನ್ ಬ್ಲೀಚ್ ಅಂತೂ ಹತ್ತಿರ ತರಬೇಡಿ, ಸ್ಟೀಲ್ ಮೇಲೆ ಚುಕ್ಕಿ ಚುಕ್ಕಿ ತುಕ್ಕು ಬರುತ್ತದೆ.

ಮ್ಯಾಟ್ ಕಪ್ಪು, ಅಂದರೆ ಹೊಳಪಿಲ್ಲದ ಕಪ್ಪು, ನಮ್ಮ ಮನೆಯಲ್ಲೇ ಇದೆ. ಫೋಟೋದಲ್ಲಿ ತುಂಬಾ ಚೆಂದ. ಆದರೆ ಒಣಗಿದ ಜಿಡ್ಡು ಬಿಡಲಿಲ್ಲ ಅಂತ ಒಂದು ದಿನ ಹಸಿರು ಸ್ಕ್ರಬ್ಬರ್‌ನಿಂದ ಉಜ್ಜಿದೆ. ಅಂಗೈ ಅಗಲದ ಜಾಗ ಮಿರಮಿರ ಹೊಳೆಯತೊಡಗಿತು, ಇವತ್ತಿಗೂ ಹಾಗೇ ಇದೆ. ಕಪ್ಪೇ ಬೇಕು ಅಂದರೆ ಟಫನ್ಡ್ (ಗಟ್ಟಿಗೊಳಿಸಿದ) ಗಾಜು ಉತ್ತಮ. ಗುರುತು ಬೇಗ ಕಾಣುತ್ತದೆ ನಿಜ, ಒಂದೇ ಸಲಕ್ಕೆ ಒರೆಸಿಯೂ ಹೋಗುತ್ತದೆ.

ತಾಮ್ರದ ವಿಷಯದಲ್ಲಿ ನಿಮ್ಮ ಸ್ವಭಾವ ನೋಡಿಕೊಳ್ಳಿ. ಲೇಪ ಇಲ್ಲದ ತಾಮ್ರ ಮೊದಲು ಕೆಂಪಗೆ, ಆಮೇಲೆ ಕಂದು, ಅಲ್ಲಲ್ಲಿ ಕಪ್ಪಾಗುತ್ತಾ ಹೋಗುತ್ತದೆ. ಒಂದು ಹನಿ ಹುಳಿ ಸಿಡಿದರೆ ಅಷ್ಟೇ ಜಾಗ ಹೊಸ ತಾಮ್ರದ ಹಾಗೆ ಹೊಳೆಯುತ್ತದೆ. ಈ ಬದಲಾವಣೆ ಇಷ್ಟಪಡುವವರಿಗೆ ಅದಕ್ಕಿಂತ ಚೆಂದದ್ದು ಇನ್ನೊಂದಿಲ್ಲ. ಮೊದಲ ದಿನದ ಹಾಗೇ ಇರಬೇಕು ಅನ್ನುವವರು ಲ್ಯಾಕರ್ (ಪಾರದರ್ಶಕ ಲೇಪ) ಹಾಕಿದ್ದು ತಗೊಳ್ಳಿ. ಆದರೆ ಲ್ಯಾಕರ್ ಗೀರಿದರೆ ಕಲೆ ಅಲ್ಲಿಂದಲೇ ಹರಡುತ್ತದೆ.

ನಿಮ್ಮ ಅಡುಗೆಮನೆಗೆ ನನಗೆ ಒಪ್ಪುವುದು ಮರದ ಹೊದಿಕೆ. ಒಳಗೆ ಸ್ಟೀಲ್ ಲೈನರ್ (ಒಳಹೊದಿಕೆ), ಹೊರಗೆ ಕಪಾಟಿನದೇ ಮರ. ಗೋಡೆಯಿಂದ ಗೋಡೆಗೆ ಒಂದೇ ಸಾಲಾಗಿ ಕಾಣುತ್ತದೆ. ಗ್ಯಾಸ್ ಒಲೆಯಿಂದ ಹುಡ್‌ಗೆ ಸಾಮಾನ್ಯವಾಗಿ 65ರಿಂದ 75 ಸೆಂ.ಮೀ. ಅಂತರ ಹೇಳುತ್ತಾರೆ, ಮರಕ್ಕೆ ಇನ್ನೂ ಜಾಸ್ತಿ ಬೇಕಾಗಬಹುದು. ಒಲೆಯ ಕೈಪಿಡಿ, ಹುಡ್‌ನ ಕೈಪಿಡಿ ಎರಡನ್ನೂ ನೋಡಿ, ಜಾಸ್ತಿ ಹೇಳಿದ್ದನ್ನೇ ಪಾಲಿಸಿ. ಮರದ ಕೆಳ ಅಂಚು ಬೆಂಕಿಗೆ ಬೆತ್ತಲಾಗಿ ಇರಕೂಡದು, ಸ್ಟೀಲ್ ಪಟ್ಟಿ ಸುತ್ತಲೂ ಬರಲಿ. ಅಷ್ಟು ಎತ್ತರ ಸಿಗದಿದ್ದರೆ ಮರ ಬಿಟ್ಟುಬಿಡಿ, ಬ್ರಷ್ ಸ್ಟೀಲ್ ಹಾಕಿಸಿ. ನಲ್ಲಿ, ಕಪಾಟಿನ ಹಿಡಿ ಅದೇ ಬಣ್ಣದ್ದಾದರೆ ಹೊಂದಿಕೊಳ್ಳುತ್ತದೆ.

ಆರ್ಡರ್ ಕೊಡುವ ಮೊದಲು ನೀವು ಆರಿಸಿದ ಫಿನಿಶ್‌ನ ಒಂದು ತುಂಡು ಕೇಳಿ ತನ್ನಿ. ಎಣ್ಣೆ ಬೆರಳಲ್ಲಿ ಸವರಿ, ಒಲೆ ಪಕ್ಕದಲ್ಲಿ ಒಂದು ವಾರ ಇಡಿ. ಆಮೇಲೆ ಬಿಸಿ ನೀರು, ಎರಡು ಹನಿ ಪಾತ್ರೆ ಸೋಪು, ಮೆತ್ತನೆ ಬಟ್ಟೆ ತಗೊಂಡು ಒರೆಸಿ. ಎಷ್ಟು ಸಲ ಕೈ ಆಡಿಸಬೇಕಾಯಿತು ಅಂತ ಇಲ್ಲಿ ಬರೆಯಿರಿ. ಎತ್ತರದ ಅಳತೆಯನ್ನೂ ಹಾಕಿ, ಮರಕ್ಕೆ ಆಗುತ್ತದಾ ಅಂತ ಒಟ್ಟಿಗೆ ನೋಡೋಣ.